ಬೇಗಂ ಮೇಯುವ ಕಳೆ

ಜೀವಮಾನದಲ್ಲಿ ನಾನು ಒಂದೇ ಒಂದು ಸಲ ಕಳ್ಳತನ ಮಾಡಿದ್ದೇನೆ. ಅದರಲ್ಲೂ ಸಿಕ್ಕಿಬಿದ್ದೆ.

ಕದ್ದದ್ದು ಏನು ಗೊತ್ತಾ? ಕಳೆ.

ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಊರೆಲ್ಲ ಟೀವಿ ಮುಂದೆ ಕೂತಿರುವ ಹೊತ್ತು. ಬಾಬುರಾಯನಕೊಪ್ಪಲಿನ ಆಚೆ ಒಂದು ಕಬ್ಬಿನ ಗದ್ದೆಯ ಬದುವಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತಿದ್ದೆ. ಕೈಯಲ್ಲಿ ಅಡುಗೆ ಮನೆಯ ಚಮಚ. ಒಂದೊಂದೇ ಕಳೆ ಗಿಡವನ್ನು ಬೇರು ಸಮೇತ ಎಬ್ಬಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಮಲಗಿಸುವ ಹಾಗೆ ಬುಟ್ಟಿಯಲ್ಲಿ ಮಲಗಿಸುತ್ತಿದ್ದೆ. ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಗದ್ದೆಯ ಯಜಮಾನರು.

"ಏನವ್ವಾ ಕೀಳ್ತಾ ಇದ್ದೀರಿ?"

"ಕಳೆ."

"ಕಳೆಯಾ? ಯಾರ್ ಏಳುದ್ರು ಕೀಳಕೆ?"

"ಯಾರೂ ಹೇಳಲಿಲ್ಲ. ನನಗೇ ಬೇಕಿತ್ತು. ಮನೇಲಿ ನೆಡೋದಕ್ಕೆ."

ಅವರು ನನ್ನನ್ನು ನೋಡಿದರು. ಚಮಚ ನೋಡಿದರು. ಬುಟ್ಟಿ ನೋಡಿದರು. ಆಮೇಲೆ ದನಿ ಮೆತ್ತಗೆ ಮಾಡಿಕೊಂಡು, "ನೀವು ಪಾಂಡವಪುರದ ಕಾಲೇಜಿನ ಮೇಡಮ್ಮೋರಲ್ವಾ?" ಎಂದರು. ಹೌದು ಎಂದೆ. "ಓದ್ದೋರು" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. "ತಕ್ಕಳಿ, ಎಷ್ಟ್ ಬೇಕಾದ್ರೂ ತಕ್ಕಳಿ. ಮೊನ್ನೆ ಔಸ್ದಿ ಒಡ್ಸಿವ್ನಿ, ಆದ್ರೂ ಸಾಯ್ನಿಲ್ಲ ಇವು" ಎಂದು ನಾಲೆ ಏರಿ ಹತ್ತಿ ಹೋದರು. ನಾನು ಇನ್ನೊಂದು ಗಿಡಕ್ಕೆ ಚಮಚ ಹಾಕಿದೆ. ಆ ಔಷಧಿಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಇಷ್ಟಕ್ಕೂ ಕಳೆ ಯಾಕೆ ಬೇಕಿತ್ತು? ಬೇಗಂಗೆ.

ಬೇಗಂ ಒಂದು ಆಮೆ. ಶ್ರೀರಂಗಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಖಾದರ್ ಚಾಚಾ ಹಿಂದೆ ಲಾರಿ ಓಡಿಸುತ್ತಿದ್ದವರು. ಮೂವತ್ತು ವರ್ಷದ ಹಿಂದೆ ನಾಗಮಂಗಲದ ರಸ್ತೆಯಲ್ಲಿ ಲಾರಿಗೆ ಅಡ್ಡ ಬಂದ ಈ ಆಮೆಯನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದರಂತೆ. ಬೆನ್ನ ತುಂಬ ಹಳದಿ ನಕ್ಷತ್ರ. ಅವರ ಹೆಂಡತಿ, ಬೀದಿಗೆಲ್ಲ ಚಾಚಿ, ಅದಕ್ಕೆ ಬೇಗಂ ಎಂದು ಹೆಸರಿಟ್ಟರು. ಮಕ್ಕಳು ಮದುವೆಯಾಗಿ ಹೋದರು, ಬೇಗಂ ಉಳಿದಳು. ಮೂರು ವರ್ಷದ ಹಿಂದೆ ಚಾಚಿ ತೀರಿಕೊಂಡರು, ಆಗಲೂ ಬೇಗಂ ಉಳಿದಳು. (ಅರಣ್ಯ ಇಲಾಖೆಯವರು ಇದನ್ನು ಓದುತ್ತಿದ್ದರೆ: ಇಂಥ ಆಮೆ ಸಾಕಬಾರದೆಂಬ ಕಾಯ್ದೆ ಇದೆ, ಗೊತ್ತು. ಬೇಗಂ ಮನೆಗೆ ಬಂದಾಗ ಅಂಥ ಕಾಯ್ದೆ ಇದೆಯೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವಳ ಕಥೆ ಓದಿ ದಯವಿಟ್ಟು ಯಾರೂ ಹೊಸದಾಗಿ ಹಿಡಿದು ತರಬೇಡಿ.)

ಜುಲೈನಲ್ಲಿ ಚಾಚಾ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂರು ತಿಂಗಳು ಮೈಸೂರಿನ ಮಗಳ ಮನೆಯಲ್ಲಿರಬೇಕು. ಅದು ಮೇಲ್ಮಹಡಿಯ ಬಾಡಿಗೆ ಮನೆ, ಆಮೆಗೆ ಜಾಗವಿಲ್ಲ. ಮನೆಗೆ ಬೀಗ ಹಾಕಿಸಿ, ಆಟೋದಲ್ಲಿ ಕಾಲು ಚಾಚಿ ಕೂತು, ಬೇಗಂಳನ್ನು ನನ್ನ ಕೈಗೆ ಕೊಟ್ಟರು.

"ಮೇಡಂ, ಇವ್ಳನ್ನ ಬಿಟ್ರೆ ಆ ಮನೇಲಿ ನಂಗೆ ಯಾರೂ ಇಲ್ಲ. ನಿಮ್ಮನ್ನ ನಂಬಿ ಹೋಗ್ತಾ ಇದೀನಿ."

"ಏನು ಕೊಡಬೇಕು ಚಾಚಾ?"

"ಬೆಳಿಗ್ಗೆ ಒಂದು ಚಪಾತಿ, ಹಾಲಲ್ಲಿ ನೆನ್ಸಿ. ಅಷ್ಟೇ. ನಮ್ಮವ್ಳು ಹೋದ್ಮೇಲೆ ದಿನಾ ನಾನೇ ಇಡ್ತಾ ಇದೀನಿ. ಒಂದು ಚೂರು ಉಳ್ಸಲ್ಲ."

ನಾನು ಸಸ್ಯಶಾಸ್ತ್ರದ ಲೆಕ್ಚರರ್. ಮೂವತ್ತು ಹುಡುಗರನ್ನು ಕಟ್ಟಿಕೊಂಡು ಮೇಲುಕೋಟೆ ಬೆಟ್ಟ ಹತ್ತಿಸಿ ಇಳಿಸುವವಳು. ಒಂದು ಆಮೆ ನೋಡಿಕೊಳ್ಳುವುದು ದೊಡ್ಡ ವಿಷಯವೇ? ಧಾರಾಳವಾಗಿ ಒಪ್ಪಿಕೊಂಡೆ.

ಚಪಾತಿ ಇಟ್ಟೆ. ತಿಂದಳು. ಬರೀ ಚಪಾತಿ ಇಟ್ಟರೆ ನಮ್ಮ ಮನೆ ಮರ್ಯಾದೆ ಏನಾಗಬೇಕು? ಬಾಳೆಹಣ್ಣು ಇಟ್ಟೆ. ಟೊಮೆಟೊ ಹೆಚ್ಚಿ ಇಟ್ಟೆ. ಒಂದು ದಿನ ಮೊಸರನ್ನ, ಇನ್ನೊಂದು ದಿನ ಸೀಕರಣೆ. ನೆಂಟರು ಬಂದರೆ ಹೊಟ್ಟೆ ಕೆಡುವ ತನಕ ಬಡಿಸುವುದು ನಮ್ಮ ಕಡೆಯ ಪದ್ಧತಿ ತಾನೆ? ಬೇಗಂಗೂ ಹಾಗೆಯೇ ಆಯಿತು. ಎರಡನೇ ವಾರ ಹೊಟ್ಟೆ ಕೆಟ್ಟಿತು. ಮೂರನೇ ವಾರ ತಿನ್ನುವುದನ್ನೇ ನಿಲ್ಲಿಸಿದಳು. ತಲೆ ಒಳಗೆಳೆದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತುಬಿಟ್ಟಳು. ಕಣ್ಣು ಗುಳಿ ಬಿದ್ದವು.

ಪ್ರತಿ ಶುಕ್ರವಾರ ಮಧ್ಯಾಹ್ನ ಚಾಚಾ ಫೋನ್ ಮಾಡುತ್ತಿದ್ದರು.

"ಬೇಗಂ ಊಟ ಮಾಡಿದ್ಲಾ?"

"ಹೂಂ ಚಾಚಾ, ಮಾಡಿದಳು."

ಮೂವತ್ತು ವರ್ಷದ ಜೊತೆಗಾತಿಯನ್ನು ನಂಬಿ ಕೊಟ್ಟವರಿಗೆ ನಾನು ಸುಳ್ಳು ಹೇಳಿದೆ. ಫೋನ್ ಇಟ್ಟು ಅಡುಗೆ ಮನೆಯಲ್ಲಿ ನಿಂತು ಅತ್ತುಬಿಟ್ಟೆ ಕೂಡ. ಆಮೆ ಸತ್ತರೆ ಆ ಮನುಷ್ಯನ ಮುಖ ಹೇಗೆ ನೋಡಲಿ? ಒಂಟಿ ಮನೆಗೆ ಅವರು ಯಾತಕ್ಕೆ ವಾಪಸ್ ಬರಬೇಕು?

ಮಾರನೇ ದಿನ ಬೇಗಂಳನ್ನು ತರಕಾರಿ ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿ, ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ಪಾಂಡವಪುರದ ದನದ ಡಾಕ್ಟರ ಹತ್ತಿರ ಒಯ್ದೆ. ನನ್ನ ಮುಂದೆ ಎರಡು ಹಸು, ಒಂದು ಹೋತ. ಡಾಕ್ಟರು ಆಮೆಯನ್ನು ಮೇಲೆ ಕೆಳಗೆ ನೋಡಿದರು. ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ನಾನು ಮೆನು ಹೇಳಿದೆ.

"ಹಾಲು ಕುಡಿಯೋ ಆಮೆ ಯಾವ ಕಾಡಲ್ಲಿದೆ ಮೇಡಂ?"

ನಾನು ಟವೆಲ್ ಮಡಚತೊಡಗಿದೆ.

"ನಾನು ಹಸು, ಎಮ್ಮೆ ನೋಡುವವನು. ಆದ್ರೂ ಇಷ್ಟು ಹೇಳಬಲ್ಲೆ. ಇದು ಬಯಲಲ್ಲಿ ಮೇಯೋ ಜೀವ. ದಿನಾ ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಡಿ. ಹಾಲು, ಅನ್ನ, ಹಣ್ಣು ಎಲ್ಲ ಬಂದ್. ಒಂದು ಗೂಡು ಮಾಡಿ, ಅದರೊಳಗೆ ಹುಲ್ಲು, ಕಳೆ ನೆಡಿ. ಅದೇ ಓಡಾಡಿಕೊಂಡು ಮೇಯಲಿ. ವಿಷದ ಗಿಡ ಮಾತ್ರ ಒಳಗೆ ಬರಬಾರದು. ಯಾವ ಕಳೆ ಅಂತ ನಿಮಗೆ ನಾನು ಹೇಳಬೇಕಾ? ನೀವೇ ಬಾಟನಿಯವರು."

ಈ ಕೊನೆಯ ಮಾತು ನನಗೆ ತುಂಬ ಇಷ್ಟವಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗಲೇ ನೋಟ್‌ಬುಕ್ಕಿನಲ್ಲಿ ಲಿಸ್ಟ್ ಮಾಡಿದೆ. ಗರಿಕೆ, ಕೊಮ್ಮೆ, ಹೊನಗೊನ್ನೆ, ಕೀರೆ. ಎಲ್ಲದರ ಮುಂದೆ ಶಾಸ್ತ್ರೀಯ ಹೆಸರು, ಕುಟುಂಬದ ಹೆಸರು, ಕೆಳಗೆ ಸ್ಕೇಲಿಟ್ಟು ಗೆರೆ. ಇನ್ನೊಂದು ಪುಟದಲ್ಲಿ ಬಾರದವು: ಉಮ್ಮತ್ತಿ, ಎಕ್ಕ, ಲಾಂಟಾನ, ಕಾಂಗ್ರೆಸ್ ಗಿಡ. ಎಂಥ ಲಿಸ್ಟ್! ಬೇಕಾದರೆ ಪರೀಕ್ಷೆಗೆ ಪ್ರಶ್ನೆಯಾಗಿ ಕೊಡಬಹುದು.

ನಮ್ಮ ಹಿತ್ತಲಿನ ಬಹುಪಾಲಿಗೆ ಸಿಮೆಂಟ್ ಹಾಕಿಸಿಯಾಗಿತ್ತು. ಗೋಡೆಯ ಬದಿಯಲ್ಲಿ ಒಂದು ಮಂಚದಷ್ಟು ಮಣ್ಣು ಉಳಿದಿತ್ತು. ಅದರ ಸುತ್ತ ಇಟ್ಟಿಗೆ ಜೋಡಿಸಿ ಗೂಡು ಮಾಡಿದೆ. ಆ ಭಾನುವಾರ ಗದ್ದೆ ಬದುವಿಗೆ ಹೋಗಿ, ಮೊದಲೇ ಹೇಳಿದ ಹಾಗೆ ಸಿಕ್ಕಿಬಿದ್ದು, ಬುಟ್ಟಿ ತುಂಬ ಕಳೆ ತಂದೆ. ದಾರಿಯಲ್ಲಿ ಒಂದು ತಿಪ್ಪೆಯ ಪಕ್ಕ ಎಳೆ ಕೀರೆ ಸಸಿಗಳು ಕಂಡವು, ಅವನ್ನೂ ತಂದೆ. ಸಾಲಾಗಿ ನೆಟ್ಟು ನೀರು ಹಾಕಿದೆ. ಬೇರು ಹಿಡಿಯಲಿ ಎಂದು ಬೇಗಂಳನ್ನು ಹತ್ತು ದಿನ ಹೊರಗೇ ಇಟ್ಟೆ. ಅಲ್ಲಿಯವರೆಗೆ ದಾಸವಾಳದ ಹೂ. ಇಷ್ಟವಿಲ್ಲದ ಮನೆಗೆ ಬಂದ ನೆಂಟರ ಹಾಗೆ ದಿನಕ್ಕೆ ಎರಡು ದಳ ಕಚ್ಚುತ್ತಿದ್ದಳು, ಅಷ್ಟೇ.

ನಮ್ಮ ಯಜಮಾನರು ಹಿತ್ತಲ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತು, "ಕಳೆಗೆ ಗೊಬ್ಬರ ಯಾವಾಗ ಹಾಕ್ತೀಯ?" ಎಂದು ಕೇಳಿದರು. ನಾನು ಕಳೆಗೆ ಇನ್ನೊಂದು ಚೊಂಬು ನೀರು ಹಾಕಿದೆ.

ಹತ್ತನೇ ದಿನ ಬಂತು. ಅವತ್ತು ಸಂಜೆ ಬೇಗಂಳನ್ನು ಗೂಡಿಗೆ ಬಿಡುವುದು ಎಂದು ತೀರ್ಮಾನ. ಕಾಲೇಜಿಂದ ಓಡಿ ಬಂದೆ. ಹಿತ್ತಲ ಬಾಗಿಲು ತೆರೆದೆ.

ಗೂಡಿನಲ್ಲಿ ಒಂದು ಎಲೆಯೂ ಇರಲಿಲ್ಲ.

ಮಣ್ಣು ಸಾರಿಸಿ, ಸಗಣಿ ನೀರು ಚಿಮುಕಿಸಿ, ನಡುವೆ ಚಂದದ ರಂಗೋಲಿ ಬಿಟ್ಟಿತ್ತು. ಪಕ್ಕದಲ್ಲಿ ಕೆಂಪಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು, ಮುಖದ ತುಂಬ ನಗು.

ಕೆಂಪಮ್ಮ ಬಾಬುರಾಯನಕೊಪ್ಪಲಿನವರು. ಗದ್ದೆಯಲ್ಲಿ ಕಳೆ ಕೀಳುವ ಕೆಲಸ. ನಮ್ಮ ಬೀದಿಯ ನಾಲ್ಕೈದು ಮನೆಗಳಿಗೆ ವರ್ಷಕ್ಕೊಂದು ಸಲ, ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ, ಕರೆಯದೆಯೇ ಬಂದು ಅಂಗಳ ಹಿತ್ತಲು ಚೊಕ್ಕಟ ಮಾಡಿ ಬಾಗಿನ ತೆಗೆದುಕೊಂಡು ಹೋಗುತ್ತಾರೆ. ಆಮೆ ಗಲಾಟೆಯಲ್ಲಿ ಗೌರಿ ಬರುತ್ತಿರುವುದೇ ನನಗೆ ಮರೆತಿತ್ತು.

"ಏನು ಮಾಡಿಬಿಟ್ಟೆ ಕೆಂಪಮ್ಮ!"

"ಯಾಕ್ರವ್ವ? ಈಟೊಂದು ಕಳೆ ಬುಟ್ಕಂಡಿದ್ರಲ್ಲ. ಗೌರಮ್ಮ ಬಂದೋಳು ಏನನ್ಕಂಡಾಳು? ಅದ್ಕೆ ಬೇರ್ ಸಮೇತ ಕಿತ್ತಾಕ್ಬುಟ್ಟೆ."

ನನಗೆ ಕೋಪ ಬಂದರೆ ನಾಲಿಗೆ ಹಿಡಿತ ತಪ್ಪುತ್ತದೆ. ಏನೇನೋ ಅಂದುಬಿಟ್ಟೆ. ಹೇಳದೆ ಕೇಳದೆ ಮುಟ್ಟಿದ್ದು ಯಾಕೆ ಅಂದೆ. ಬುದ್ಧಿ ಇಲ್ಲವಾ ಅಂದೆ. ಇಪ್ಪತ್ತು ವರ್ಷದಿಂದ ಬರುತ್ತಿರುವ ಹೆಂಗಸು, ನನ್ನ ತಾಯಿಯ ವಯಸ್ಸಿನವರು. ಅವರ ನಗು ಮಾಯವಾಯಿತು. ಆಮೆಗೆಂದು ಕಷ್ಟಪಟ್ಟು ನೆಟ್ಟಿದ್ದು, ಆಮೆ ಸಾಯುತ್ತಿದೆ, ಅದರ ಯಜಮಾನರಿಗೆ ನಾನು ಏನು ಹೇಳಲಿ ಎಂದು ಕೂಗಾಡಿದೆ.

ಕೆಂಪಮ್ಮ ಗೋಡೆ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಕಳೆಯ ಮುಂದೆ ಕೂತು ಒಂದೊಂದೇ ಗಿಡ ಎತ್ತಿ ನೋಡಿದರು. ನಾಲ್ಕು ಸಸಿ ಬೇರೆ ಮಾಡಿದರು.

"ಇದು ಏನು ಅಂತ ನೆಟ್ರಿ?"

"ಕೀರೆ."

"ಮೂಸ್ ನೋಡಿ."

ಎಲೆ ಉಜ್ಜಿ ನನ್ನ ಮೂಗಿನ ಹತ್ತಿರ ಹಿಡಿದರು. ಕೆಟ್ಟ ವಾಸನೆ. ಕೀರೆಗೆ ಆ ವಾಸನೆ ಇಲ್ಲ.

"ಉಮ್ಮತ್ತಿ ಕನವ್ವ. ಎಳೇದು. ತಿಪ್ಪೆ ಮಗ್ಗುಲಲ್ಲಿ ಎರಡೂ ಒಟ್ಗೆ ಉಟ್ತವೆ. ಕೀರೆ ಬುಡ ಕೆಂಪಗಿರ್ತದೆ, ಇದ್ರ ಬುಡ ನೋಡಿ."

ನೋಡಿದೆ. ಕೆಂಪಗಿರಲಿಲ್ಲ. ಸಂಜೆ ಐದು ಗಂಟೆಗೆ, ನನ್ನ ಕೈಯಾರೆ, ಬೇಗಂಳನ್ನು ಉಮ್ಮತ್ತಿ ಗಿಡದ ಮುಂದೆ ಬಿಡಬೇಕೆಂದಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

"ಮಿಕ್ಕಿದ್ದು ಎಲ್ಲಿಂದ ತಂದ್ರಿ?" ಎಂದರು. ಹೇಳಿದೆ. "ಆ ಗದ್ದೆಯಾ? ಅಲ್ಲಿ ಔಸ್ದಿ ಒಡ್ದವ್ರೆ. ಆ ಬದಿನ ಉಲ್ಲ ನಾವು ಕರಕ್ಕೂ ಆಕಲ್ಲ." ಆಗ ಆ ಯಜಮಾನರ ಮಾತು ತಲೆಗೆ ಹೋಯಿತು.

ಎಂ.ಎಸ್ಸಿ. ಓದಿದವಳಿಗೆ ಉಮ್ಮತ್ತಿ ಗೊತ್ತಾಗಲಿಲ್ಲವೇ ಎಂದು ನೀವು ನಗಬಹುದು. ನಗಿ. ಆದರೆ ಇದೂ ಕೇಳಿ. ನಾವು ಗಿಡ ಗುರುತು ಹಿಡಿಯುವುದು ಹೂವಿನಿಂದ. ಎಷ್ಟು ದಳ, ಎಷ್ಟು ಕೇಸರ, ಅಂಡಾಶಯ ಮೇಲಿದೆಯೋ ಕೆಳಗಿದೆಯೋ. ಪುಸ್ತಕಗಳೆಲ್ಲ ಹಾಗೇ ಬರೆದಿವೆ. ಉಮ್ಮತ್ತಿ ಹೂ ತೋರಿಸಿ, ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಕೆಂಪಮ್ಮ ಹೂ ಬಿಡುವ ತನಕ ಕಾದರೆ ಆ ವರ್ಷದ ಬೆಳೆ ಹೋಯಿತು, ಅವರ ಕೆಲಸವೂ ಹೋಯಿತು. ಎರಡೆಲೆ ನಾಲ್ಕೆಲೆ ಇರುವಾಗಲೇ ರಾಗಿ ಯಾವುದು ಕಳೆ ಯಾವುದು ಎಂದು ತಿಳಿಯಬೇಕು. ಐವತ್ತು ವರ್ಷ ಅವರು ನೋಡಿರುವುದು ಗಿಡದ ಬಾಲ್ಯವನ್ನು. ನಾನು ನೋಡಿರುವುದು ಮದುವೆ ವಯಸ್ಸನ್ನು. ಇಬ್ಬರ ಪಾಠವೂ ಒಂದೇ ಗಿಡದ್ದು, ಆದರೆ ಆಮೆ ಮೇಯುವುದು ಅವರ ಪಾಠವನ್ನು.

ತಪ್ಪಾಯಿತು ಕೆಂಪಮ್ಮ, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂದೆ. ಆವತ್ತಿನವರೆಗೆ ಅವರನ್ನು "ನೀನು" ಎನ್ನುತ್ತಿದ್ದೆ. ಬಾಯಿ ತಾನಾಗಿ "ನೀವು" ಎಂದಿತು.

"ಅಂಗನ್ಬ್ಯಾಡಿ, ಬ್ಯಾರೆ ಯಾರ್ನೋ ಬೈದಂಗಾಯ್ತದೆ" ಎಂದು ನಕ್ಕರು. ಆಮೇಲೆ ಬೇಗಂಳನ್ನು ಎತ್ತಿ, ಒಳಗೆ ಸೇರಿದ್ದ ಮುಖವನ್ನು ಇಣುಕಿ ನೋಡಿ, "ಅಯ್ಯೋ ಮಗ್ಳೇ, ಒಟ್ಟೆಗಿಲ್ದೆ ಇಂಗಾಗೋಗಿದ್ದೀಯಲ್ಲ" ಎಂದರು. ಎಷ್ಟೋ ದಿನದ ಮೇಲೆ ಬೇಗಂ ಕತ್ತನ್ನು ಪೂರ್ತಿ ಹೊರಗೆ ಚಾಚಿದಳು. (ಕೆಂಪಮ್ಮನ ಕೈಯಲ್ಲಿ ಸೊಪ್ಪಿನ ವಾಸನೆ ಇತ್ತು. ಬೇರೆ ಕಾರಣ ಹುಡುಕಬೇಕಾಗಿಲ್ಲ.)

ಹಬ್ಬ ಮುಗಿದ ಮಾರನೇ ದಿನ ಅವರು ನನ್ನನ್ನು ತವರೂರು ಸಿಂಧಘಟ್ಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರ ತಮ್ಮನ ಹೊಲ. ಮಳೆ ನೀರಿನ ರಾಗಿ, ಔಷಧಿ ಮುಟ್ಟಿಸಿಲ್ಲ. ಹೆಂಗಸರು ಸಾಲು ಹಿಡಿದು ಕಳೆ ಕೀಳುತ್ತಿದ್ದರು. ನಾವು ಹೋಗಿ ಕಳೆ ಕೊಡಿ ಎಂದೆವು.

"ಕೀಳಾಕೆ ಜನ ಸಿಕ್ತಿಲ್ಲ ಅಂತ ನಾವಿದ್ರೆ, ಕಳೆ ಬೇಕು ಅಂತ ಬಸ್ಸತ್ಕಂಡು ಬಂದವ್ರೆ ನೋಡ್ರವ್ವ" ಎಂದು ಒಬ್ಬಾಕೆ ಹೇಳಿದ್ದೇ ತಡ, ಸಾಲಿಗೆ ಸಾಲೇ ಸೊಂಟದ ಮೇಲೆ ಕೈಯಿಟ್ಟು ನಗತೊಡಗಿತು. ನಾನೂ ನಕ್ಕೆ.

ಅಲ್ಲಿ ನನಗೆ ಆದ ಪಾಠವನ್ನು ಯಾವ ಯೂನಿವರ್ಸಿಟಿಯಲ್ಲೂ ಕೇಳಿರಲಿಲ್ಲ. ಮೊದಲು ಕೆಂಪಮ್ಮ ಕೇಳಿದ್ದು, ನಾವು ಬೆರಕೆ ಸೊಪ್ಪಿನ ಸಾರಿಗೆ ಏನೇನು ಹಾಕುತ್ತೇವೆ ಎಂದು. ಹೊಲದ ಹತ್ತು ಬಗೆಯ ಸೊಪ್ಪು ಬೆರೆಸಿ ಮಾಡುವ ಸಾರು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹಾಗಾದರೆ ನಮಗೆ ಆಗುವುದೆಲ್ಲ ಬೇಗಂಗೂ ಆಗುತ್ತದೆ, ಗಣಿಕೆ ಸೊಪ್ಪೂ ತೆಗೆದುಕೊಳ್ಳೋಣ ಎಂದೆ. ತಲೆ ಅಲ್ಲಾಡಿಸಿದರು.

"ನಾವು ಬೇಯ್ಸಿ, ಬಸ್ದು ತಿಂತೀವಿ. ಇವ್ಳು ಅಸೀದೇ ತಿಂತಾಳೆ. ಬೇಯ್ಸುದ್ರೆ ಸರೋಗೋ ಸೊಪ್ಪು ಇವ್ಳಿಗೆ ಬ್ಯಾಡ. ಕರ ಏನ್ ಮೇಯ್ತದೆ, ಕುರಿ ಏನ್ ಮೇಯ್ತದೆ, ಅದ್ನ ನೋಡಿ. ಕಿತ್ರೆ ಆಲು ಬರೋ ಗಿಡ ತಿಳೀದೆ ಮುಟ್ಬ್ಯಾಡಿ. ಗೋಣಿ ಸೊಪ್ಪು ಒಂದೆರಡು ಬುಡ ಸಾಕು, ದಿನಾ ಅದ್ನೇ ತಿಂದ್ರೆ ನಮ್ಗೇ ತಡ್ಯಲ್ಲ."

ನಾನು ಬರೆದುಕೊಂಡೆ. ಈ ಸಲ ಸ್ಕೇಲಿಟ್ಟು ಗೆರೆ ಎಳೆಯಲಿಲ್ಲ. ಕೊಮ್ಮೆ, ಹೊನಗೊನ್ನೆ, ಅಣ್ಣೆ, ಗರಿಕೆ, ಬುಡ ಕೆಂಪಗಿರುವ ಕೀರೆ. ಎಲ್ಲವನ್ನೂ ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ ಎರಡು ಮಂಕ್ರಿಗೆ ತುಂಬಿದೆವು. ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿಯೊಬ್ಬರು ಮಂಕ್ರಿಗೆ ಮೂಗು ಚಾಚಿ, "ಒಳ್ಳೆ ಸೊಪ್ಪು ಕನವ್ವ, ಒಂದೊತ್ತಿನ ಸಾರಿಗೆ ಕೊಡ್ತೀರಾ?" ಎಂದರು. ಕೆಂಪಮ್ಮ ಒಂದು ಹಿಡಿ ಅಣ್ಣೆ ಸೊಪ್ಪು ಕಿತ್ತು ಅವರ ಮಡಿಲಿಗೆ ಹಾಕಿದರು. ಆಮೆಯ ಪಾಲಿನಲ್ಲಿ ಒಬ್ಬರ ಸಾರು ಆಯಿತು.

ಹೆಂಟೆ ಸಮೇತ ತಂದದ್ದರಿಂದ ಗಿಡಗಳು ಬಾಡಲಿಲ್ಲ. ಮಳೆಯೂ ಕೈಹಿಡಿಯಿತು. ಐದನೇ ದಿನ ಬೇಗಂಳನ್ನು ಗೂಡಿಗೆ ಬಿಟ್ಟೆವು. ಅರ್ಧ ಗಂಟೆ ಅಲ್ಲಾಡಲಿಲ್ಲ. ನನಗೆ ಟೆನ್ಷನ್. ಕೆಂಪಮ್ಮ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿದ್ದರು. ಆಮೇಲೆ ಬೇಗಂ ಕತ್ತು ಚಾಚಿದಳು. ನಾಲ್ಕು ಹೆಜ್ಜೆ ಇಟ್ಟಳು. ಕೊಮ್ಮೆಯ ಬಳ್ಳಿಯ ಮುಂದೆ ನಿಂತು ಬಾಯಿ ತೆರೆದಳು.

ಕಚಕ್.

ಆ ಶಬ್ದ ನಿಮಗೆ ಹೇಗೆ ವಿವರಿಸಲಿ? ನನ್ನ ಮಗಳು ಮೊದಲ ಸಲ ಅಮ್ಮ ಎಂದಾಗಲೂ ನಾನು ಅಷ್ಟು ಕುಣಿದಿರಲಿಲ್ಲ. (ಮಗಳು ಇದನ್ನು ಓದಬಾರದು.) ಆ ಶುಕ್ರವಾರ ಚಾಚಾ ಫೋನ್ ಮಾಡಿದಾಗ ಮೊದಲಿಂದ ಎಲ್ಲವನ್ನೂ ಹೇಳಿಬಿಟ್ಟೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಚಾಚಾ ಕೊನೆಯ ತನಕ ಕೇಳಿದರು. ಆಮೇಲೆ, "ಈಗ ತಿಂತಾವ್ಳಾ?" ಎಂದರು. ಹೌದು ಎಂದೆ. "ಸಾಕು ಬೇಟಿ" ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಮೇಡಂ ಎಂದೇ ಕರೆದಿದ್ದವರು.

ದಸರಾ ಮುಗಿದು ಹತ್ತು ದಿನಕ್ಕೆ ಚಾಚಾ ಕೋಲೂರಿಕೊಂಡು ಬಂದರು. ಮೊದಲು ನಮ್ಮ ಮನೆಗೇ ಬಂದು ಬೇಗಂಳನ್ನು ಎತ್ತಿ ಎದೆಗೆ ಒತ್ತಿಕೊಂಡರು. ನಾನೂ ಕೆಂಪಮ್ಮನೂ ಅವರ ಜೊತೆ ಅವರ ಮನೆಗೆ ಹೋದೆವು. ಮೂರು ತಿಂಗಳು ಬೀಗ ಹಾಕಿದ್ದ ಹಿತ್ತಲ ಬಾಗಿಲು ತೆರೆದರು. ಅವರ ಹಿತ್ತಲ ಗೋಡೆ ಎತ್ತರ, ಮೇಲೆ ಗಾಜಿನ ಚೂರು. ಇಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಅದನ್ನು ನೋಡಿದ್ದು ಅವತ್ತೇ.

ಮೊಣಕಾಲುದ್ದ ಹಸಿರು.

"ಯಾ ಅಲ್ಲಾ! ಜಂಗಲ್ ಆಗೋಗಿದೆ" ಎಂದು ಚಾಚಾ ಹಣೆ ಚಚ್ಚಿಕೊಂಡರು. "ನಾಳೆ ಮೇಸ್ತ್ರಿ ಬರ್ತಾನೆ. ಎಲ್ಲಾ ಕೀಳಿಸಿ ಸಿಮೆಂಟ್ ಹಾಕ್ಸ್‌ಬಿಡ್ತೀನಿ. ಈ ಕಾಲಲ್ಲಿ ಜಾರಿ ಬಿದ್ರೆ ಮತ್ತೆ ಎದ್ದೇಳಲ್ಲ ನಾನು."

ಕೆಂಪಮ್ಮ ಆಗಲೇ ಹಿತ್ತಲಿಗೆ ಇಳಿದಿದ್ದರು. ಬಗ್ಗಿ ನೋಡುತ್ತ ಗೋಡೆಯುದ್ದಕ್ಕೂ ನಡೆದರು. ಬಚ್ಚಲ ನೀರು ಹರಿಯುವ ಕಡೆ ಕೂತರು.

"ಸಾಬ್ರೆ, ಇಲ್ ಬನ್ನಿ. ಇದ ನೋಡಿ. ಒನಗೊನ್ನೆ. ಆ ಗ್ವಾಡೆ ಮಗ್ಗುಲಲ್ಲಿ ಕೊಮ್ಮೆ. ಸಾಲು ಇಡ್ದು ನಿಂತವೆ."

"ಅದ್ಕೇನು?"

"ಕಳೆ ತಾನಾಗೇ ಉಟ್ಟುದ್ರೆ ಎಲ್ಲಿ ಅಂದ್ರಲ್ಲಿ ಉಟ್ತದೆ. ಸಾಲಾಗಿ ಉಟ್ಟಲ್ಲ. ಇದ್ನ ಯಾರೋ ನೆಟ್ಟವ್ರೆ."

ಚಾಚಾ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತರು. ಕೆಂಪಮ್ಮನಿಗೆ ಹಳೆಯದು ನೆನಪಾಗುತ್ತಿತ್ತು.

"ಆಯಮ್ಮ ನನ್ನ ಒಂದಿನಾನೂ ಈ ಇತ್ಲಿಗೆ ಇಳ್ಸ್ನಿಲ್ಲ ಸಾಬ್ರೆ. ಮುಂದುಗಡೆ ಕೀಳು, ಇಂದೆ ಬುಡು ಅನ್ನೋರು. ಸೋಮಾರಿ ಎಂಗ್ಸು, ಇತ್ಲು ತೋರ್ಸಾಕೆ ನಾಚ್ಕೆ ಅಂತ ನಾನು ಅನ್ಕಂಡಿದ್ದೆ. ನಮ್ಮೂರ ಕಡೆ ಗದ್ದೆ ತಾವ ಬಂದು, ಕೊಮ್ಮೆ ಬುಡ ಒಂದು ಕೊಡು ಕೆಂಪಿ ಅಂತ ಈಸ್ಕಂಡೋಗೋರು. ಸಾರಿಗೆ ಅನ್ಕಂಡಿದ್ದೆ."

ಈ ಮಾತಿನ ನಡುವೆ ಬೇಗಂಳನ್ನು ಕೆಳಗೆ ಬಿಟ್ಟಿದ್ದೆವು. ಅವಳು ಹಿಂದೆ ಮುಂದೆ ನೋಡದೆ ನೇರವಾಗಿ ಬಚ್ಚಲ ನೀರಿನ ಕಡೆ ಹೋದಳು, ದಾರಿ ಗೊತ್ತಿದ್ದವಳ ಹಾಗೆ. ಹೊನಗೊನ್ನೆ ಸಾಲಿನ ಒಂದು ತುದಿಯಿಂದ ಶುರು ಮಾಡಿದಳು.

"ಹಂಗಾದ್ರೆ ನನ್ನ ಚಪಾತಿ?" ಎಂದರು ಚಾಚಾ.

"ಕಾಗೆ ತಿಂದಿರ್ತವೆ ಬುಡಿ" ಎಂದರು ಕೆಂಪಮ್ಮ.

ಚಾಚಾ ನಗುತ್ತಾರೆ ಎಂದುಕೊಂಡೆ. ಅವರು ಹೊಸ್ತಿಲ ಮೇಲೆ ನಿಧಾನವಾಗಿ ಕೂತು, ಕೋಲನ್ನು ಪಕ್ಕಕ್ಕಿಟ್ಟು, ಕಣ್ಣೊರೆಸಿಕೊಂಡರು.

"ಎಷ್ಟು ಬೈದಿದೀನಿ ಬೇಟಿ ಅವ್ಳಿಗೆ. ಲಾರಿ ತಗೊಂಡು ಹೋದ್ರೆ ಹದಿನೈದು ದಿನ, ತಿಂಗ್ಳು. ಬಂದಾಗೆಲ್ಲ ಈ ಬಾಗಿಲಲ್ಲಿ ನಿಂತು ಬೈಯೋದೇ. ಮನೇಲಿ ಕೂತಿರ್ತೀಯ, ಹಿತ್ಲು ಕ್ಲೀನ್ ಇಟ್ಕೊಳ್ಳಾಕೆ ಆಗಲ್ವಾ, ಸೋಮಾರಿ ಅಂತ. ಒಂದ್ಸಲ ಆದ್ರೂ ಆಮೆಗೋಸ್ಕರ ಅಂದಿದ್ರೆ..."

"ಏನನ್ನೋರು ಚಾಚಿ?"

"ನಗೋಳು. ಬೇಗಂ ಕೇಳಿಸ್ಕೊಳ್ತಾವ್ಳೆ, ಮೆತ್ತಗೆ ಬೈರಿ ಅನ್ನೋಳು."

ಮಾರನೇ ದಿನ ಬಂದ ಮೇಸ್ತ್ರಿಗೆ ಟೀ ಕೊಟ್ಟು ಬೇರೆ ಕೆಲಸ ಹೇಳಿದರು. ಬಾಗಿಲಿಂದ ಬಚ್ಚಲ ತನಕ ಕಾಲು ಜಾರದ ಹಾಗೆ ಒಂದು ಅಡಿ ಅಗಲದ ಕಲ್ಲಿನ ದಾರಿ, ಅಷ್ಟೇ. ಮಿಕ್ಕದ್ದು ಬೇಗಂಗೆ. ಕೆಂಪಮ್ಮ ಈಗ ವಾರಕ್ಕೊಂದು ಸಲ ಬಂದು ಕಾಂಗ್ರೆಸ್ ಗಿಡ, ಉಮ್ಮತ್ತಿ ಏನಾದರೂ ತಲೆ ಹಾಕಿದೆಯಾ ನೋಡಿ ಅದನ್ನಷ್ಟೇ ಕೀಳುತ್ತಾರೆ. ಚಾಚಾ ಹಿಂದೆ ಹಿಂದೆ ಕುಂಟುತ್ತ ಹೋಗಿ ಒಂದೊಂದು ಗಿಡದ ಹೆಸರು ಕೇಳಿ ಕಲಿಯುತ್ತಿದ್ದಾರೆ. ಮೊನ್ನೆ ನನ್ನನ್ನು ಕರೆದು, ಎಳೆ ಸಸಿಯೊಂದರ ಬುಡ ತೋರಿಸಿ, ಇದು ಕೀರೆ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡಿದರು. ಪಾಸಾದೆ.

ಬರುವ ವಾರ ನನ್ನ ಬಿ.ಎಸ್ಸಿ. ಹುಡುಗರನ್ನು ಆ ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಪಾಠ ಮಾಡುವವರು ಕೆಂಪಮ್ಮ. ಒಪ್ಪಿದ್ದಾರೆ, ಆದರೆ ಒಂದು ಷರತ್ತು: ಯಾರೂ ನೋಟ್ಸ್ ಬರೆದುಕೊಳ್ಳುವ ಹಾಗಿಲ್ಲ, ಎಲೆ ಉಜ್ಜಿ ಮೂಸಿಯೇ ಕಲಿಯಬೇಕು.

ಅದಿರಲಿ, ನಿಮ್ಮ ಮನೆಯಲ್ಲಿ ಇವತ್ತು ಸೋಮಾರಿ ಎಂದು ಬೈಸಿಕೊಂಡವರು ಯಾರು?